ಪೂ ಷಿನ್‌ಯು: ಮಂಚು ಅರಸುಮನೆತನದ ವಿರಾಮಜೀವನ ಮತ್ತು ಕಲೆ

ಚೀನದ ಕೊನೆಯ ಅರಸುಮನೆತನವಾದ ಚಿಂಗ್ (1644–1912) ಮಂಚು ಜನಾಂಗಕ್ಕೆ ಸೇರಿದ್ದು. ಆ ಸಾಮ್ರಾಜ್ಯದ ಪತನವನ್ನು ವಿವರಿಸುವ ಬರಹಗಳಲ್ಲಿ ಒಂದು ಚಿತ್ರ ಮತ್ತೆ ಮತ್ತೆ ಎದುರಾಗುತ್ತದೆ. ಬೆಳಗಿನ ಹೊತ್ತು ಹಕ್ಕಿಯ ಪಂಜರವನ್ನು ಕೈಯಲ್ಲಿ ಹಿಡಿದು ಚಹಾದಂಗಡಿಯ ಕಡೆಗೆ ನಿಧಾನವಾಗಿ ನಡೆಯುವ, ಎದೆಯ ಮಡಿಲಲ್ಲಿ ಜೀರುಂಡೆಯ ಬುರುಡೆಯನ್ನು ಬಚ್ಚಿಟ್ಟುಕೊಂಡ, ಸಂಜೆಯಾದರೆ ನಾಟಕದ ಹಾಡನ್ನು ಗುನುಗುವ ಕುಲೀನನ ಚಿತ್ರವದು. ಇಪ್ಪತ್ತನೆಯ ಶತಮಾನದ ಸುಧಾರಕರೂ ಕ್ರಾಂತಿಕಾರರೂ ಈ ಮನುಷ್ಯನನ್ನೇ ನಾಡಿನ ದುರ್ಗತಿಗೆ ಕಾರಣನೆಂದು ಕಂಡರು. ಈ ತೀರ್ಮಾನದಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ಮಂಚು ಕುಲೀನರ ವಿರಾಮಜೀವನವನ್ನು ಬರಿಯ ಸೋಮಾರಿತನವೆಂದು ಬದಿಗೆ ಸರಿಸಿದರೆ ಅದರೊಳಗಿದ್ದ ಶಿಸ್ತು, ವಿದ್ಯೆ ಮತ್ತು ಕಸುಬುದಾರಿಕೆ ಕಣ್ಣಿಗೆ ಬೀಳುವುದಿಲ್ಲ. ಅರಸುಮನೆಯಲ್ಲಿ ಹುಟ್ಟಿ, ಅರಸೊತ್ತಿಗೆ ಅಳಿದ ಮೇಲೆ ಅರ್ಧ ಶತಮಾನ ಬದುಕಿ, ಹೊತ್ತು ಕಳೆಯಲೆಂದು ಕಲಿತ ವಿದ್ಯೆಯಿಂದಲೇ ಹೊಟ್ಟೆ ಹೊರೆದುಕೊಂಡ ಚಿತ್ರಕಾರ ಪೂ ಷಿನ್‌ಯುವಿನ (1896–1963) ಬದುಕು ಈ ದೃಷ್ಟಿಯಿಂದ ಪರಿಶೀಲನೆಗೆ ಅರ್ಹವಾಗಿದೆ.

ಮಂಚು ಜನರ ವಿರಾಮವು ಅವರ ಸ್ವಭಾವದಿಂದ ಹುಟ್ಟಿದ್ದಕ್ಕಿಂತ ಹೆಚ್ಚಾಗಿ ಕಾನೂನಿನಿಂದ ಹುಟ್ಟಿದ್ದು. 1644ರಲ್ಲಿ ಬೀಜಿಂಗನ್ನು ವಶಪಡಿಸಿಕೊಂಡ ಮಂಚು ಪಡೆ ಎಂಟು ಧ್ವಜಗಳ ಹೆಸರಿನಲ್ಲಿ ಸಂಘಟಿತವಾಗಿತ್ತು. ಪ್ರತಿಯೊಂದು ಕುಟುಂಬವೂ ಯಾವುದಾದರೊಂದು ಧ್ವಜಕ್ಕೆ ಸೇರಿರುತ್ತಿತ್ತು. ಧ್ವಜದ ಗಂಡಸು ಸಿಪಾಯಿಯಾಗಿಯೋ ಅಧಿಕಾರಿಯಾಗಿಯೋ ಇರಬೇಕಿತ್ತೇ ಹೊರತು ವ್ಯಾಪಾರಕ್ಕೂ ಕೈಕಸುಬಿಗೂ ಇಳಿಯುವಂತಿರಲಿಲ್ಲ. ಇದಕ್ಕೆ ಪ್ರತಿಯಾಗಿ ಸರ್ಕಾರ ಬೆಳ್ಳಿಯ ಮತ್ತು ಧಾನ್ಯದ ಮಾಸಾಶನ ಕೊಡುತ್ತಿತ್ತು. ಮಳೆ ಬಂದರೂ ಬರ ಬಂದರೂ ಬಾಡದ ಈ ವರಮಾನವನ್ನು ಜನ ಕಬ್ಬಿಣದ ಕಾಂಡದ ಬೆಳೆಯೆಂದು ಕರೆಯುತ್ತಿದ್ದರು. ಯುದ್ಧಗಳು ಮುಗಿದು ಶಾಂತಿ ನೆಲೆಸಿದಾಗ ಮಾಡಲು ಕೆಲಸವಿಲ್ಲದ, ಬೇರೆ ಕೆಲಸ ಮಾಡಲು ಅನುಮತಿಯೂ ಇಲ್ಲದ ಒಂದು ದೊಡ್ಡ ಸಮುದಾಯ ರಾಜಧಾನಿಯಲ್ಲಿ ಉಳಿಯಿತು. ಅರಸುಮಕ್ಕಳ ಸ್ಥಿತಿ ಇನ್ನೂ ವಿಚಿತ್ರವಾದುದು. ಹಿಂದಿನ ಮಿಂಗ್ ಅರಸರು ತಮ್ಮ ಮಕ್ಕಳನ್ನು ದೂರದ ಪ್ರಾಂತಗಳಿಗೆ ಕಳುಹಿಸುತ್ತಿದ್ದರೆ ಚಿಂಗ್ ಅರಸರು ದಂಗೆಯ ಭಯದಿಂದ ಅವರನ್ನು ಬೀಜಿಂಗಿನಲ್ಲೇ ಇರಿಸಿಕೊಂಡರು. ಅಪ್ಪಣೆಯಿಲ್ಲದೆ ರಾಜಕುಮಾರನೊಬ್ಬ ರಾಜಧಾನಿಯನ್ನು ಬಿಟ್ಟು ಹೋಗುವಂತಿರಲಿಲ್ಲ. ದೊಡ್ಡ ಮನೆ, ಬೇಕಾದಷ್ಟು ಹಣ, ಎಣೆಯಿಲ್ಲದ ಬಿಡುವು, ಇವುಗಳ ಸುತ್ತ ಒಂದು ಗೋಡೆ. ಸೆರೆವಾಸಕ್ಕೂ ಇದಕ್ಕೂ ಇದ್ದ ಅಂತರ ಹೆಚ್ಚಿನದಲ್ಲ.

ಆ ಬಿಡುವನ್ನು ತುಂಬಲು ಅವರು ಕಟ್ಟಿಕೊಂಡ ಹವ್ಯಾಸಗಳ ಲೋಕ ಅತ್ಯಂತ ಸೂಕ್ಷ್ಮವಾದುದು. ಮಂಗೋಲಿಯದ ನೆಲಗುಬ್ಬಿಯ ಜಾತಿಯ ಹಾಡುಹಕ್ಕಿಯೊಂದನ್ನು ಸಾಕುವವರು ಅದಕ್ಕೆ ಬೇರೆ ಬೇರೆ ಹಕ್ಕಿಗಳ, ಬೆಕ್ಕಿನ, ಇತರ ಪ್ರಾಣಿಗಳ ದನಿಗಳನ್ನು ಹದಿಮೂರು ವರಸೆಗಳಾಗಿ, ನಿಯತವಾದ ಕ್ರಮದಲ್ಲಿ ಕಲಿಸುತ್ತಿದ್ದರು. ಕ್ರಮ ತಪ್ಪಿದ ಅಥವಾ ಬೇಡದ ದನಿಯೊಂದನ್ನು ಕಲಿತ ಹಕ್ಕಿಗೆ ಬಲ್ಲವರ ನಡುವೆ ಬೆಲೆಯಿರಲಿಲ್ಲ. ಬೇಸಿಗೆಯ ಕೊನೆಗೆ ಹಿಡಿದ ಜೀರುಂಡೆಯನ್ನು ಚಳಿಗಾಲದುದ್ದಕ್ಕೂ ಬದುಕಿಸಲು ಅಚ್ಚಿನೊಳಗೆ ಬೆಳೆಸಿದ ಸೋರೆಬುರುಡೆಗಳಿದ್ದವು. ಕಾಯಿ ಎಳೆಯದಿರುವಾಗಲೇ ಕೆತ್ತನೆಯ ಅಚ್ಚನ್ನು ತೊಡಿಸಿದರೆ ಬಲಿತಾಗ ಅದರ ಮೈಮೇಲೆ ಚಿತ್ತಾರ ಮೂಡಿರುತ್ತಿತ್ತು. ಮೈಯ ಬಿಸುಪು ತಗಲುವಂತೆ ಅದನ್ನು ಅಂಗಿಯೊಳಗೆ ಇಟ್ಟುಕೊಂಡರೆ ಹೊರಗೆ ಹಿಮ ಬೀಳುತ್ತಿದ್ದಾಗಲೂ ಎದೆಯ ಬಳಿ ಕೀಟದ ದನಿ ಕೇಳುತ್ತಿತ್ತು. ಪಾರಿವಾಳದ ಬಾಲಕ್ಕೆ ಹಗುರವಾದ ಸೀಟಿಗಳನ್ನು ಕಟ್ಟಿ ಹಾರಿಸಿ ಆಕಾಶದಿಂದ ನಾದವನ್ನು ಇಳಿಸುವುದು, ನಶ್ಯದ ಬುಡ್ಡಿಗಳನ್ನು ಸಂಗ್ರಹಿಸುವುದು, ಎಂಟು ಮೂಲೆಯ ಪುಟ್ಟ ತಮಟೆ ಹಿಡಿದು ಕಥನಗೀತೆಗಳನ್ನು ಹಾಡುವುದು ಇವೆಲ್ಲ ಅದೇ ಲೋಕಕ್ಕೆ ಸೇರಿದವು. ಈ ಹಾಡುಗಾರರಿಗೆ ಒಂದು ಕಟ್ಟುಪಾಡಿತ್ತು. ಹವ್ಯಾಸಿಯು ಹಾಡಿದ್ದಕ್ಕೆ ಹಣ ಪಡೆಯುವಂತಿರಲಿಲ್ಲ. ಆಹ್ವಾನಿಸಿದ ಮನೆಯಲ್ಲಿ ಚಹಾ ಕುಡಿಯುವುದನ್ನೂ ಅವರು ಒಲ್ಲೆನ್ನುತ್ತಿದ್ದರು. ಹಣ ಮುಟ್ಟಿದರೆ ಕುಲೀನ ವೃತ್ತಿನಟನಾಗಿಬಿಡುತ್ತಾನೆ ಎಂಬ ಭಯ ಅದರ ಹಿಂದಿತ್ತು. ಪೂ ಷಿನ್‌ಯುವಿನ ಬದುಕನ್ನು ಅರ್ಥಮಾಡಿಕೊಳ್ಳಲು ಈ ಕಟ್ಟುಪಾಡೇ ಕೀಲಿಕೈ.

ಅವನ ವಂಶಸ್ಥರಲ್ಲಿ ಇಂಥವರು ಹಲವರಿದ್ದರು. ಪೂ ತುಂಗ್ (1877–1952) ನಾಟಕದ ಎಲ್ಲ ಬಗೆಯ ಪಾತ್ರಗಳನ್ನೂ ವಹಿಸಬಲ್ಲವನೆಂದು ಹೆಸರಾಗಿದ್ದ. ಚಿಂಗ್ ಸಾಮ್ರಾಜ್ಯಕ್ಕೆ ಅಧಿಕೃತ ನಾಡಗೀತೆಯೊಂದು ಬೇಕೆಂದಾಗ ರಾಗ ಸಂಯೋಜನೆಯ ಹೊಣೆ ಬಿದ್ದದ್ದು ಅವನ ಮೇಲೆ. ಆ ಗೀತೆ 1911ರ ಅಕ್ಟೋಬರ್ 4ರಂದು ಅಂಗೀಕೃತವಾಯಿತು. ಅಕ್ಟೋಬರ್ 10ರಂದು ವುಚಾಂಗಿನಲ್ಲಿ ಕ್ರಾಂತಿ ಸಿಡಿಯಿತು. ಕೊನೆಯ ಚಕ್ರವರ್ತಿ ಪೂಯಿಯ ಚಿಕ್ಕಪ್ಪನಾದ ತ್ಸೈ ತಾವ್ (1887–1970) ವಾನರರಾಜನ ಪಾತ್ರದಲ್ಲಿ ನುರಿತವನು, ಕುದುರೆಗಳ ಒಳ್ಳೆಯ ಪರೀಕ್ಷಕ. 1950ರಲ್ಲಿ ಕಮ್ಯುನಿಸ್ಟ್ ಸರ್ಕಾರ ಅವನನ್ನು ಸೇನೆಯ ಅಶ್ವಪಾಲನೆಗೆ ಸಲಹೆಗಾರನನ್ನಾಗಿ ನೇಮಿಸಿತು. ಅರಮನೆಯ ಶೋಕಿಯೊಂದು ಗಣರಾಜ್ಯದ ಹುದ್ದೆಯಾಗಿ ಮಾರ್ಪಟ್ಟ ವಿರಳ ಪ್ರಸಂಗವಿದು.

ಪೂ ಷಿನ್‌ಯುವಿನ ಮೂಲ ಹೆಸರು ಪೂ ರು. ಷಿನ್‌ಯು ಎಂಬುದು ವಯಸ್ಕನಾದ ಮೇಲೆ ಬಳಕೆಗೆ ಬಂದ ಹೆಸರು. ಅವನ ಅಜ್ಜ ಯೀಷಿನ್ (1833–1898) ತಾವ್‌ಕ್ವಾಂಗ್ ಚಕ್ರವರ್ತಿಯ ಆರನೆಯ ಮಗ. ಚರಿತ್ರೆಯಲ್ಲಿ ಗೊಂಗ್ ರಾಜಕುಮಾರನೆಂದು ಪ್ರಸಿದ್ಧ. 1860ರಲ್ಲಿ ಬ್ರಿಟಿಷರು ಮತ್ತು ಫ್ರೆಂಚರು ಬೀಜಿಂಗಿಗೆ ನುಗ್ಗಿದಾಗ ಒಪ್ಪಂದ ಮಾಡಿಕೊಂಡವನು, ಮರುವರ್ಷ ಚೀನದ ಮೊದಲ ವಿದೇಶಾಂಗ ಕಚೇರಿಯನ್ನು ಸ್ಥಾಪಿಸಿ ನಡೆಸಿದವನು ಅವನೇ. 1884ರಲ್ಲಿ ರಾಜಮಾತೆ ಸಿಷಿ ಅವನನ್ನು ಎಲ್ಲ ಅಧಿಕಾರಗಳಿಂದಲೂ ಕೆಳಗಿಳಿಸಿದಳು. ಆ ಬಳಿಕದ ಹತ್ತು ವರ್ಷ ಅವನಿಗೆ ಒದಗಿದ್ದು ಬಲವಂತದ ವಿರಾಮ. ಅದರ ಬಹುಭಾಗವನ್ನು ಅವನು ಬೀಜಿಂಗಿನ ಪಶ್ಚಿಮದ ಬೆಟ್ಟಗಳಲ್ಲಿರುವ ಜಿಯೆತಾಯ್ ಎಂಬ ಬೌದ್ಧ ವಿಹಾರದಲ್ಲಿ ಕಳೆದ. ವಿಹಾರದ ಜೀರ್ಣೋದ್ಧಾರಕ್ಕೆ ಹಣ ಕೊಟ್ಟು, ಅಲ್ಲಿನ ಪಿಯೊನಿ ಹೂಗಳ ಅಂಗಳದಲ್ಲಿ ವಾಸವಾಗಿದ್ದ. ಈ ಅವಧಿಯಲ್ಲಿ ಅವನು ತೊಡಗಿದ ಹವ್ಯಾಸ ಕುತೂಹಲಕರವಾದುದು. ತಾಂಗ್ ಯುಗದ ಕವಿಗಳ ಬಿಡಿ ಸಾಲುಗಳನ್ನು ಆಯ್ದು ಪೋಣಿಸಿ, ತನ್ನದೆಂಬ ಒಂದು ಸಾಲನ್ನೂ ಸೇರಿಸದೆ, ಪ್ರಾಸ ಮತ್ತು ಅರ್ಥ ಕೂಡಿಬರುವಂತೆ ಹೊಸ ಪದ್ಯಗಳನ್ನು ಕಟ್ಟಿದ. ಅವು ಸಂಪುಟಗಳಾಗಿ ಪ್ರಕಟವಾದವು. ರಾಜ್ಯದ ಬಗ್ಗೆ ಸ್ವಂತ ಮಾತಾಡುವ ಹಕ್ಕು ಕಳೆದುಕೊಂಡವನು ಬೇರೆಯವರ ಸಾಲುಗಳ ಮರೆಯಲ್ಲಿ ಮಾತಾಡಿದನೆಂದು ಅದನ್ನು ಓದಲು ಸಾಧ್ಯವಿದೆ.

ಅಜ್ಜ ತೀರಿಕೊಂಡಾಗ ಪೂ ರು ಎರಡು ವರ್ಷದ ಕೂಸು. ಶಿಶುವಿಗೆ ಹೆಸರಿಟ್ಟವನು ಸ್ವತಃ ಕ್ವಾಂಗ್‌ಷು ಚಕ್ರವರ್ತಿಯೆಂಬುದು ಮನೆತನದ ಹೇಳಿಕೆ. ಕನ್ಫ್ಯೂಷಿಯಸ್ ಪರಂಪರೆಯ ವಿದ್ವಾಂಸ ಎಂಬುದು ರು ಎಂಬ ಅಕ್ಷರದ ಅರ್ಥ. ತಂದೆ ತ್ಸೈ ಯಿಂಗ್ 1900ರ ಬಾಕ್ಸರ್ ದಂಗೆಯವರ ಪರ ನಿಂತದ್ದರಿಂದ ಪದವಿ ಕಳೆದುಕೊಂಡ. ಬಾಲಕನ ಶಿಕ್ಷಣವನ್ನು ನೋಡಿಕೊಂಡವಳು ತಾಯಿ. ನಾಲ್ಕು ಗ್ರಂಥಗಳು, ಪ್ರಾಚೀನ ಗದ್ಯ, ಪದ್ಯರಚನೆ, ಲಿಪಿಕಲೆ ಇವುಗಳ ಜೊತೆಗೆ ಮಂಚು ಹುಡುಗನಿಗೆ ತಪ್ಪದ ಕುದುರೆಸವಾರಿ ಮತ್ತು ಬಿಲ್ವಿದ್ಯೆಗಳೂ ಇದ್ದವು. ಪಠ್ಯಕ್ರಮದಲ್ಲಿ ಚಿತ್ರಕಲೆ ಇರಲಿಲ್ಲವೆಂಬುದನ್ನು ಗಮನಿಸಬೇಕು. ತರುಣನಾಗಿ ತಾನು ಜರ್ಮನಿಯಲ್ಲಿ ವ್ಯಾಸಂಗ ಮಾಡಿ ಡಾಕ್ಟರೇಟ್ ಪಡೆದುದಾಗಿ ಅವನು ಮುಂದೆ ಹೇಳಿಕೊಂಡದ್ದುಂಟು. ಸಂಶೋಧಕರು ಇದನ್ನು ಬಲವಾಗಿ ಅನುಮಾನಿಸಿದ್ದಾರೆ. ಹೊಸ ಕಾಲ ಪದವಿಪತ್ರಗಳಿಗೆ ಕೊಡುತ್ತಿದ್ದ ಬೆಲೆಯನ್ನು ಹಳೆಯ ಕಾಲದ ಈ ವ್ಯಕ್ತಿಯೂ ಬಲ್ಲವನಾಗಿದ್ದನೆಂಬುದಷ್ಟೇ ಅದರಿಂದ ತಿಳಿಯುತ್ತದೆ.

1912ರ ಫೆಬ್ರವರಿಯಲ್ಲಿ ಬಾಲ ಚಕ್ರವರ್ತಿ ಪೂಯಿ ಪಟ್ಟ ತ್ಯಜಿಸಿದ. ಗೊಂಗ್ ಪದವಿಗೆ ಉತ್ತರಾಧಿಕಾರಿಯಾಗಿದ್ದ ಪೂ ರುವಿನ ಅಣ್ಣ ಪೂ ವೆಯ್ (1880–1936) ಅರಸೊತ್ತಿಗೆಯ ಮರುಸ್ಥಾಪನೆಗೆ ಪಣತೊಟ್ಟವನು. ಅದಕ್ಕೆ ಹಣ ಬೇಕಾದಾಗ ಅಜ್ಜನ ಕಾಲದಿಂದ ಕೂಡಿಬಂದಿದ್ದ ಕಂಚಿನ ಪಾತ್ರೆಗಳು, ಪಚ್ಚೆಶಿಲೆಯ ಕೆತ್ತನೆಗಳು, ಪಿಂಗಾಣಿ ಮೊದಲಾದವುಗಳನ್ನು ಅದೇ ವರ್ಷ ಯಾಮಾನಾಕ ಎಂಬ ಜಪಾನಿ ಕಲಾವ್ಯಾಪಾರ ಸಂಸ್ಥೆಗೆ ಮಾರಿಬಿಟ್ಟ. 1913ರಲ್ಲಿ ನ್ಯೂಯಾರ್ಕಿನಲ್ಲಿ ಅವುಗಳ ಹರಾಜು ನಡೆಯಿತು. ಪಟ್ಟಿಯಲ್ಲಿ ಐನೂರಕ್ಕೂ ಮಿಕ್ಕ ಬಾಬುಗಳಿದ್ದವು. ಮರುಸ್ಥಾಪನೆ ನಡೆಯಲಿಲ್ಲ. ಅರಮನೆಯನ್ನೂ ಅವನು ಕ್ಯಾಥೊಲಿಕ್ ಚರ್ಚಿಗೆ ಒತ್ತೆಯಿಟ್ಟ. ಚಿತ್ರಗಳು ಮತ್ತು ಲಿಪಿಕಲೆಯ ಸುರುಳಿಗಳು ಮಾತ್ರ ಜಪಾನಿ ವ್ಯಾಪಾರಿಯ ಕೈಸೇರದೆ ಮನೆಯಲ್ಲಿ ಉಳಿದವು. ಪೂ ರುವಿನ ಪಾಲಿಗೆ ಇದು ದೈವಯೋಗ.

ಹದಿನಾರರ ಹರೆಯದ ಪೂ ರು ತಾಯಿಯೊಡನೆ ಜಿಯೆತಾಯ್ ವಿಹಾರ ಸೇರಿದ. ಅಜ್ಜ ಪದಚ್ಯುತನಾಗಿ ಕಾಲ ಕಳೆದ ಅದೇ ಬೆಟ್ಟದಲ್ಲಿ ಮೊಮ್ಮಗ ಹತ್ತು ವರ್ಷಕ್ಕೂ ಹೆಚ್ಚು ಕಾಲ ನೆಲೆಸಿದ. ಹಳೆಯ ಪೈನ್ ಮರಗಳಿಗೆ ಹೆಸರಾದ ಆ ಸ್ಥಳದಲ್ಲಿ ಗ್ರಂಥಾಧ್ಯಯನ ಮತ್ತು ಪದ್ಯರಚನೆಯ ನಡುವೆ ಅವನು ಕುಂಚ ಹಿಡಿದ. ಗುರುವಿರಲಿಲ್ಲ. ಮನೆಯಲ್ಲಿ ಉಳಿದಿದ್ದ ಸೋಂಗ್ ಮತ್ತು ಯುವಾನ್ ಯುಗದ ಸುರುಳಿಗಳನ್ನು ಬಿಡಿಸಿಟ್ಟು, ಲಿಪಿಕಲೆಯಲ್ಲಿ ಪಳಗಿದ ಕೈಯಿಂದ ಅವುಗಳ ರೇಖೆಗಳನ್ನು ಅನುಸರಿಸುತ್ತ ತಾನೇ ಕಲಿತ. ಸಮಕಾಲೀನ ಚಿತ್ರಕಾರರ ಪದ್ಧತಿ ಅವನಿಗೆ ತಗಲಲಿಲ್ಲ. ದಕ್ಷಿಣ ಸೋಂಗ್ ಕಾಲದ ಬಿರುಸಾದ ಬಂಡೆಗಳು, ತೆಳುವಾದ ಮಸಿ, ನಿರ್ಮಲವಾದ ದೂರ ಇವು ಅವನ ಭೂದೃಶ್ಯಗಳಿಗೆ ಬಂದುದು ಈ ಏಕಾಂತದಿಂದ. ಅವನು ಆಗ ಇಟ್ಟುಕೊಂಡ ಕಾವ್ಯನಾಮದಲ್ಲಿ ಯೀ ಎಂಬ ಅಕ್ಷರವಿದೆ. ಪಶ್ಚಿಮ ಬೆಟ್ಟಗಳ ಏಕಾಂತವಾಸಿ ಎಂದು ಆ ಹೆಸರಿನ ತಾತ್ಪರ್ಯ. ಯೀ ಎಂದರೆ ತಪ್ಪಿಸಿಕೊಂಡದ್ದು, ಲೋಕದಿಂದ ಹಿಂದೆ ಸರಿದದ್ದು, ನಿರಾಳವಾಗಿರುವುದು, ವಿರಾಮ. ಚೀನದ ಪ್ರಾಚೀನ ಚಿತ್ರಮೀಮಾಂಸೆಯಲ್ಲಿ ನಿಯಮಗಳ ಹಿಡಿತಕ್ಕೆ ಸಿಗದ ಅತ್ಯುತ್ತಮ ಕೃತಿಗಳ ವರ್ಗಕ್ಕೂ ಇದೇ ಹೆಸರು. ಸೋಮಾರಿತನಕ್ಕೂ ಸಿದ್ಧಿಗೂ ನಡುವೆ ಇರುವ ಗೆರೆ ಆ ಭಾಷೆಯಲ್ಲಿ ಎಷ್ಟು ತೆಳುವಾಗಿದೆ ಎಂಬುದಕ್ಕೆ ಈ ಒಂದು ಅಕ್ಷರವೇ ಸಾಕ್ಷಿ. ಅವನ ಇನ್ನೊಂದು ಮುದ್ರೆಯಲ್ಲಿ ಹಳೆಯ ಅರಸುಕುಲದ ಕುಡಿ ಎಂಬರ್ಥದ ಪದಗಳಿದ್ದವು. ಜೀವನದ ಕೊನೆಯವರೆಗೂ ಚಿತ್ರಗಳ ಮೇಲೆ ಅದನ್ನು ಒತ್ತುತ್ತಿದ್ದ.

1924ರಲ್ಲಿ ಅವನು ನಗರಕ್ಕೆ ಮರಳಿ ಗೊಂಗ್ ಅರಮನೆಯ ಹಿಂಬದಿಯ ಸುಯ್‌ಜಿನ್ ಉದ್ಯಾನದಲ್ಲಿ ನೆಲೆಸಿದ. ಪೂಯಿಯನ್ನು ನಿಷಿದ್ಧ ನಗರದಿಂದ ಹೊರಹಾಕಿದ್ದೂ ಅದೇ ವರ್ಷದ ನವೆಂಬರಿನಲ್ಲಿ. ಕೃತಕ ಬೆಟ್ಟ, ಕೊಳ, ಒಳಾಂಗಣದ ನಾಟಕಶಾಲೆಗಳಿದ್ದ ಆ ಉದ್ಯಾನದಲ್ಲಿ ಹಳೆಯ ಬದುಕಿನ ಒಂದು ತುಣುಕು ಹದಿನಾಲ್ಕು ವರ್ಷ ಉಸಿರಾಡಿತು. ವಸಂತದಲ್ಲಿ ಹಾಯ್‌ತಾಂಗ್ ಮರಗಳು ಹೂ ಬಿಟ್ಟಾಗ ರಾಜಧಾನಿಯ ಹಿರಿಯ ವಿದ್ವಾಂಸರನ್ನೂ ಕವಿಗಳನ್ನೂ ಕರೆಸಿ ಪದ್ಯಗೋಷ್ಠಿ ನಡೆಸುವುದು, ತಂತಿವಾದ್ಯ ಹಿಡಿದು ಮಂಚು ಕಥನಗೀತೆಗಳನ್ನು ಹಾಡುವುದು, ಸಾಕಿದ ಗಿಬ್ಬನ್ ಕಪಿಯ ಚಲನವಲನಗಳನ್ನು ನೋಡುತ್ತ ಕೂರುವುದು ಅವನ ಆ ಕಾಲದ ವಿನೋದಗಳು. ಅವನ ಚಿತ್ರಗಳಲ್ಲಿ ಕೊಂಬೆಯಿಂದ ಕೊಂಬೆಗೆ ಜಿಗಿಯುವ ಗಿಬ್ಬನ್‌ಗಳ ನೀಳ ತೋಳುಗಳಿಗೆ ಇರುವ ಸಹಜತೆಯನ್ನು ಕಂಡವರಿಗೆ, ಈ ನೋಡುತ್ತ ಕೂರುವ ಕೆಲಸವನ್ನು ಕಾಲಹರಣವೆಂದು ಕರೆಯಲು ಮನಸ್ಸಾಗುವುದಿಲ್ಲ. 1925ರಲ್ಲಿ ಅರಸುಮನೆತನದವನೇ ಆದ ಪೂ ಜಿನ್ ಸಂಬಂಧಿಕರನ್ನು ಸೇರಿಸಿ ಸೋಂಗ್‌ಫೆಂಗ್ ಎಂಬ ಚಿತ್ರಸಂಘವನ್ನು ಕಟ್ಟಿದ. ಪೂ ಷಿನ್‌ಯು ಅದರ ಸದಸ್ಯನಾಗಿದ್ದ. ಸದಸ್ಯರು ಕೂಡಿ ಚಿತ್ರ ಬರೆದು, ಚರ್ಚಿಸಿ, ಚದುರುತ್ತಿದ್ದರು. ಅದು ಕುಲೀನರ ಕೂಟವೇ. ಆದರೆ ಕೂಟದ ಬಹುಮಂದಿಗೆ ಆ ವೇಳೆಗೆ ಬೇರೆ ವರಮಾನ ಉಳಿದಿರಲಿಲ್ಲ.

ಅವನ ಕೃತಿಗಳ ಪ್ರದರ್ಶನಗಳು ಬೀಜಿಂಗಿನಲ್ಲಿ ನಡೆಯತೊಡಗಿದಾಗ ಹೆಸರು ಬೇಗನೆ ಹರಡಿತು. 1930ರ ದಶಕದಲ್ಲಿ ದಕ್ಷಿಣಕ್ಕೆ ಜಾಂಗ್ ದಾಚಿಯೆನ್, ಉತ್ತರಕ್ಕೆ ಪೂ ಷಿನ್‌ಯು ಎಂದು ಇಬ್ಬರ ಹೆಸರುಗಳನ್ನು ಜೋಡಿಸಿ ಹೇಳುವುದು ರೂಢಿಯಾಯಿತು. ಜಾಂಗ್ ಊರೂರು ಸುತ್ತಿ, ವ್ಯವಹಾರ ಬಲ್ಲ, ಖೋಟಾ ಪ್ರಾಚೀನ ಚಿತ್ರಗಳನ್ನೂ ಬರೆದು ದಕ್ಕಿಸಿಕೊಂಡ ಚತುರ. ಪೂ ಅದಕ್ಕೆ ತದ್ವಿರುದ್ಧ. ತನ್ನನ್ನು ಚಿತ್ರಕಾರನೆಂದು ಕರೆದರೆ ಅವನಿಗೆ ಸಂತೋಷವಾಗುತ್ತಿರಲಿಲ್ಲ. ತಾನು ಗ್ರಂಥಗಳ ವಿದ್ಯಾರ್ಥಿ, ಆ ಬಳಿಕ ಕವಿ, ಆ ಬಳಿಕ ಲಿಪಿಕಾರ. ಚಿತ್ರ ಇವೆಲ್ಲದರ ನಡುವಿನ ಬಿಡುವಿನಲ್ಲಿ ತಾನಾಗಿ ಬಂದದ್ದು ಎಂಬುದು ಅವನ ನಿಲುವು. ಈ ನಿಲುವಿನಲ್ಲಿ ವಿದ್ವತ್ತಿನ ಹೆಮ್ಮೆಯಿದೆ. ಚಹಾವನ್ನೂ ಮುಟ್ಟದ ಹಳೆಯ ಹವ್ಯಾಸಿ ಹಾಡುಗಾರನ ಅಂಜಿಕೆಯೂ ಇದೆ. ಏಕೆಂದರೆ ಸಂಸಾರ ನಡೆಯುತ್ತಿದ್ದುದು ಆ ಚಿತ್ರಗಳಿಂದಲೇ.

ಚಿತ್ರಗಳ ಮಾರಾಟ ಸಾಲದಾದಾಗ ಮನೆಯ ಸುರುಳಿಗಳಿಗೆ ಕೈಹಚ್ಚಬೇಕಾಯಿತು. ತಾಂಗ್ ಯುಗದ ಹಾನ್ ಗಾನ್ ಬರೆದ ಬಿಳಿ ಕುದುರೆಯ ಚಿತ್ರ 1930ರ ದಶಕದ ನಡುಭಾಗದಲ್ಲಿ ವ್ಯಾಪಾರಿಯೊಬ್ಬನ ಮೂಲಕ ದೇಶದಿಂದ ಹೊರಬಿದ್ದು ಬ್ರಿಟಿಷ್ ಸಂಗ್ರಾಹಕ ಪರ್ಸಿವಲ್ ಡೇವಿಡನ ಕೈಸೇರಿತು. 1977ರಿಂದ ಅದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಈ ಮಾರಾಟದ ಸುದ್ದಿ ತಿಳಿದ ಸಂಗ್ರಾಹಕ ಜಾಂಗ್ ಬೋಜು ಅದನ್ನು ತಡೆಯಲು ಯತ್ನಿಸಿದ; ಹೊತ್ತು ಮೀರಿತ್ತು. ಪೂ ಬಳಿ ಅದಕ್ಕೂ ಅಮೂಲ್ಯವಾದ ಇನ್ನೊಂದು ವಸ್ತುವಿತ್ತು. ಲು ಜಿ (261–303) ಎಂಬ ಸಾಹಿತಿ ತನ್ನ ಕೈಯಾರೆ ಬರೆದ ಒಂಬತ್ತು ಸಾಲುಗಳ ಪತ್ರವದು. ಹೆಸರು ತಿಳಿದಿರುವ ಲಿಪಿಕಾರನ ಹಸ್ತಾಕ್ಷರಗಳಲ್ಲಿ ಉಳಿದುಬಂದಿರುವ ಅತ್ಯಂತ ಪ್ರಾಚೀನವಾದುದು. ಜಾಂಗ್ ಅದನ್ನು ಕೇಳಿದಾಗ ಪೂ ಎರಡು ಲಕ್ಷ ಯುವಾನ್ ಬೆಲೆ ಹೇಳಿದ. ಅದು ಕೊಡಲಾರೆನೆಂಬುದರ ಸೌಮ್ಯ ರೂಪ. 1937ರಲ್ಲಿ ತಾಯಿ ತೀರಿಕೊಂಡಳು. ಬೆಟ್ಟದ ವಿಹಾರದಲ್ಲಿ ಕೈಹಿಡಿದು ಓದಿಸಿದ ತಾಯಿಯ ಅಂತ್ಯಕ್ರಿಯೆಯನ್ನು ಕುಲಕ್ಕೆ ತಕ್ಕಂತೆ ನೆರವೇರಿಸಬೇಕೆಂಬುದು ಅವನ ಹಟ. ಜಪಾನಿ ಸೇನೆ ನಗರವನ್ನು ಹಿಡಿದಿತ್ತು, ಕೈಯಲ್ಲಿ ಹಣವಿರಲಿಲ್ಲ. ಹಿರಿಯ ವಿದ್ವಾಂಸ ಫು ತ್ಸೆಂಗ್‌ಷಿಯಾಂಗನ ಮಧ್ಯಸ್ಥಿಕೆಯಲ್ಲಿ ಪತ್ರ ನಲವತ್ತು ಸಾವಿರಕ್ಕೆ ಜಾಂಗನ ಪಾಲಾಯಿತು. ಜಾಂಗ್ ಅದನ್ನು 1956ರಲ್ಲಿ ಸರ್ಕಾರಕ್ಕೆ ದಾನ ಮಾಡಿದ. ಅದೀಗ ಬೀಜಿಂಗಿನ ಅರಮನೆ ವಸ್ತುಸಂಗ್ರಹಾಲಯದಲ್ಲಿದೆ. ಅಣ್ಣ ಮನೆತನದ ಒಡವೆಗಳನ್ನು ಮಾರಿದ್ದು ಕಳೆದುಹೋದ ಸಿಂಹಾಸನಕ್ಕಾಗಿ. ತಮ್ಮ ಮಾರಿದ್ದು ತಾಯಿಯ ಉತ್ತರಕ್ರಿಯೆಗಾಗಿ.

ರಾಜಕೀಯದಲ್ಲಿಯೂ ಅಣ್ಣತಮ್ಮಂದಿರ ದಾರಿ ಬೇರೆಯಾಯಿತು. 1932ರಲ್ಲಿ ಜಪಾನೀಯರು ಮಂಚೂರಿಯದಲ್ಲಿ ಪೂಯಿಯನ್ನು ಮುಂದಿಟ್ಟುಕೊಂಡು ಕೈಗೊಂಬೆ ರಾಜ್ಯವನ್ನು ಕಟ್ಟಿದಾಗ ಪೂ ಷಿನ್‌ಯು ಅದರಿಂದ ದೂರ ನಿಂತ, ಅದನ್ನು ಖಂಡಿಸುವ ಪ್ರಬಂಧವೊಂದನ್ನು ಬರೆದ. ಪರರ ಕೈಯಿಂದ ಬಂದ ಅರಸೊತ್ತಿಗೆ ಅವನ ಪಾಲಿಗೆ ಪೂರ್ವಜರಿಗೆ ಅವಮಾನ. ಕ್ರಿಯಾಶೀಲನೆನಿಸಿದ ಪೂ ವೆಯ್ ಜಪಾನೀಯರನ್ನು ನಂಬಿ ಕೆಟ್ಟ. ಹೊತ್ತು ಕಳೆಯುವವನೆನಿಸಿದ ತಮ್ಮ ಆ ಬಲೆಗೆ ಬೀಳಲಿಲ್ಲ. ನಿಷ್ಕ್ರಿಯತೆಯೂ ಕೆಲವೊಮ್ಮೆ ಒಂದು ರಾಜಕೀಯ ನಿಲುವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ. ಉದ್ಯಾನವನ್ನು ಬಿಟ್ಟ ಮೇಲೆ ಯುದ್ಧದ ವರ್ಷಗಳನ್ನು ಅವನು ನಗರದ ಹೊರಗೆ ಬೇಸಿಗೆ ಅರಮನೆಯ ಆವರಣದಲ್ಲಿ ಕಳೆದ. ಯುದ್ಧ ಮುಗಿದ ಬಳಿಕ ಮಂಚು ಜನರ ಪ್ರತಿನಿಧಿಯಾಗಿ ನಾನ್‌ಜಿಂಗಿನ ರಾಷ್ಟ್ರೀಯ ಸಭೆಗೆ ಹೋದದ್ದೊಂದೇ ಅವನು ಸಾರ್ವಜನಿಕ ಹುದ್ದೆ ಒಪ್ಪಿದ ಸಂದರ್ಭ.

1949ರಲ್ಲಿ ಸಣ್ಣ ದೋಣಿಯಲ್ಲಿ ಕರಾವಳಿಯ ಜೋವ್‌ಷಾನ್ ದ್ವೀಪಗಳನ್ನು ತಲುಪಿ, ಅಲ್ಲಿಂದ ಅವನು ತೈವಾನಿಗೆ ದಾಟಿದ. ತೈಪೆಯ ಲಿನ್‌ಯಿ ಬೀದಿಯ ಸಾಧಾರಣ ಮನೆಯೊಂದು ಉಳಿದ ಬದುಕಿನ ನೆಲೆಯಾಯಿತು. ಪ್ರಾಂತೀಯ ಶಿಕ್ಷಕ ಕಾಲೇಜಿನಲ್ಲಿ (ಅದು ಮುಂದೆ ರಾಷ್ಟ್ರೀಯ ತೈವಾನ್ ಶಿಕ್ಷಕ ವಿಶ್ವವಿದ್ಯಾಲಯವಾಯಿತು) ಚಿತ್ರಕಲೆಯ ಅಧ್ಯಾಪಕನಾದ. ಅರಸುಮಗ ಸಂಬಳಕ್ಕೆ ದುಡಿದದ್ದರಲ್ಲಿ ವಿಪರ್ಯಾಸ ಕಂಡವರಿದ್ದಾರೆ. ಅದಕ್ಕಿಂತ ವಿಶೇಷವಾದುದು ಅವನು ಕಲಿಸಿದ ಬಗೆ. ಚಿತ್ರ ಕಲಿಯಲು ಬಂದವರಿಗೆ ಅವನು ಮೊದಲು ಕೊಡುತ್ತಿದ್ದುದು ನಾಲ್ಕು ಗ್ರಂಥಗಳ ಪಾಠ, ಬಳಿಕ ಪದ್ಯರಚನೆ, ಬಳಿಕ ಲಿಪಿಕಲೆ. ಇವು ಕೂಡಿಬಂದರೆ ಚಿತ್ರಕ್ಕೆ ಬೇರೆ ಪಾಠ ಬೇಡವೆಂಬುದು ಅವನ ನಂಬಿಕೆ. ಮನೆಯಲ್ಲಿ ಶಿಷ್ಯರ ನಡುವೆ ಕುಳಿತು ಹರಟುತ್ತಲೇ ಕುಂಚ ಆಡಿಸುತ್ತಿದ್ದ; ಶಿಷ್ಯರು ಕಂಡು ಕಲಿಯಬೇಕಿತ್ತು. ತರಗತಿಯ ಗಂಟೆ, ಅಂಕ, ಪರೀಕ್ಷೆಗಳ ಆಧುನಿಕ ಸಂಸ್ಥೆಯೊಳಗೆ ಈ ಪದ್ಧತಿ ಹೊಂದುವುದು ಸುಲಭವಿರಲಿಲ್ಲ. ಹಲವರು ಬಿಟ್ಟುಹೋದರು. ಉಳಿದವರಲ್ಲಿ ಕೆಲವರು ಮುಂದೆ ತೈವಾನಿನ ಚಿತ್ರಕಲೆಯಲ್ಲಿ ಗಣ್ಯರಾದರು.

ದಿನನಿತ್ಯದ ವ್ಯವಹಾರದಲ್ಲಿ ಅವನ ಅಸಹಾಯಕತೆಯ ಬಗ್ಗೆ ಶಿಷ್ಯರು ಹೇಳಿದ ಕಥೆಗಳಿಗೆ ಲೆಕ್ಕವಿಲ್ಲ. ಹಣದ ಎಣಿಕೆ ತಿಳಿಯದು, ತನ್ನ ಮನೆಯ ದಾರಿಯೇ ತಪ್ಪುತ್ತದೆ, ಎಡಬಲದ ಜೋಡುಗಳು ಅದಲುಬದಲಾಗುತ್ತವೆ. ಚಿತ್ರಗಳ ಮಾರಾಟದ ವ್ಯವಹಾರವೆಲ್ಲ ಹೆಂಡತಿಯ ಕೈಯಲ್ಲಿತ್ತು. ಇಂಥ ಕಥೆಗಳಲ್ಲಿ ಉತ್ಪ್ರೇಕ್ಷೆ ಸಹಜ. ಆದರೂ ವ್ಯವಹಾರ ಜ್ಞಾನವೇ ಬೇಡದಂತೆ ಇನ್ನೂರೈವತ್ತು ವರ್ಷ ಬೆಳೆಸಿದ ಒಂದು ವರ್ಗ ತನ್ನ ಕೊನೆಯ ಪೀಳಿಗೆಗೆ ಕೊಟ್ಟ ಬಳುವಳಿಯನ್ನು ಅವು ಸೂಚಿಸುತ್ತವೆ. ಬೀಜಿಂಗಿನಲ್ಲಿ ಉಳಿದ ಸಾಮಾನ್ಯ ಮಂಚು ಕುಟುಂಬಗಳು ಮಾಸಾಶನ ನಿಂತಾಗ ರಿಕ್ಷಾ ಎಳೆದು, ಬೀದಿಯಲ್ಲಿ ತಿಂಡಿ ಮಾರಿ, ಎಷ್ಟೋ ಕಡೆ ಉಪವಾಸ ಬಿದ್ದು ಬದುಕಿದವು. ತಮ್ಮ ಗುರುತನ್ನೇ ಮರೆಸಿಕೊಂಡವು. ಪೂ ಷಿನ್‌ಯುವಿನ ಕಾಲಹರಣದ ವಿದ್ಯೆಗೆ ಮಾರುಕಟ್ಟೆಯಲ್ಲಿ ಬೆಲೆಯಿತ್ತು. ಹಕ್ಕಿಗೆ ಹದಿಮೂರು ದನಿ ಕಲಿಸಬಲ್ಲವನ ವಿದ್ಯೆಗೆ ಬೆಲೆಯಿರಲಿಲ್ಲ. ಇಬ್ಬರ ತಾಳ್ಮೆಯೂ ಒಂದೇ ಮೂಲದಿಂದ ಬಂದದ್ದೆಂಬುದನ್ನು ಮರೆತು ಮೊದಲನೆಯವನನ್ನು ಮಾತ್ರ ಹೊಗಳುವುದು ನ್ಯಾಯವಾಗದು.

ತೈವಾನಿನ ವರ್ಷಗಳಲ್ಲಿ ಅವನು ಬರೆದ ಚಿತ್ರಗಳ ಪೈಕಿ ಅಂಗೈಯಗಲದ, ಕೆಲವು ಬೆರಳುಗಳಷ್ಟೇ ಎತ್ತರದ ಕಿರುಸುರುಳಿಗಳು ವಿಶೇಷವಾದವು. ಅಷ್ಟರಲ್ಲೇ ಬೆಟ್ಟ, ಹೊಳೆ, ಸೇತುವೆ, ಮೀನುಗಾರರ ದೋಣಿಗಳು ಅಡಕವಾಗಿವೆ. ಭೂತಗಳನ್ನೂ ಅವುಗಳನ್ನು ಅಟ್ಟುವ ಜುಂಗ್ ಕ್ವೆಯ್‌ನನ್ನೂ ವಿನೋದವಾಗಿ ಚಿತ್ರಿಸಿದ. ದ್ವೀಪದ ಗಿಡಗಳು, ಮೀನುಗಳು, ಕೀಟಗಳು ಅವನ ಕುಂಚಕ್ಕೆ ಬಂದವು. ಭೂದೃಶ್ಯಗಳಲ್ಲಿ ಮಾತ್ರ ಉತ್ತರದ ಬಂಡೆಗಳೂ ಪೈನ್ ಮರಗಳೂ ಹಾಗೆಯೇ ಉಳಿದವು. 1955ರಲ್ಲಿ ಉಪನ್ಯಾಸಕ್ಕೆಂದು ಕೊರಿಯಕ್ಕೆ ಹೋದವನು ಅಲ್ಲಿಂದ ಜಪಾನಿಗೆ ತೆರಳಿ ಮರುವರ್ಷದವರೆಗೂ ಅಲ್ಲೇ ಇದ್ದ. ನಾಲ್ಕು ಗ್ರಂಥಗಳಿಗೆ ವ್ಯಾಖ್ಯಾನವನ್ನೂ ಚಿತ್ರಕಲೆಯ ಮೇಲೊಂದು ಶಾಸ್ತ್ರಗ್ರಂಥವನ್ನೂ ರಚಿಸಿದ. ತನ್ನನ್ನು ಜನ ನೆನೆಯಬೇಕಾದರೆ ಆ ವ್ಯಾಖ್ಯಾನಕ್ಕಾಗಿ ನೆನೆಯಲೆಂಬುದು ಅವನ ಆಸೆಯಾಗಿತ್ತು. ಇಂದು ಅದನ್ನು ಓದುವವರು ವಿರಳ.

1963ರಲ್ಲಿ ಗಂಟಲಿನ ಮೇಲ್ಭಾಗದಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತು. ರೋಗ ಬಲಿಯುತ್ತಿದ್ದಾಗಲೂ ಅವನು ತನ್ನ ಪದ್ಯ ಮತ್ತು ಗದ್ಯದ ಹಸ್ತಪ್ರತಿಗಳನ್ನು ತಿದ್ದುವುದರಲ್ಲಿ ತೊಡಗಿದ್ದ. ಆ ವರ್ಷದ ನವೆಂಬರ್ 18ರಂದು ತೈಪೆಯಲ್ಲಿ ತೀರಿಕೊಂಡ. ಯಾಂಗ್‌ಮಿಂಗ್ ಬೆಟ್ಟದಲ್ಲಿ ಸಮಾಧಿಯಾಯಿತು. ಬೀಜಿಂಗಿನ ಸುಯ್‌ಜಿನ್ ಉದ್ಯಾನವನ್ನು 1988ರಲ್ಲಿ, ಇಡೀ ಗೊಂಗ್ ಅರಮನೆಯನ್ನು 2008ರಲ್ಲಿ ಸಾರ್ವಜನಿಕರಿಗೆ ತೆರೆಯಲಾಯಿತು. ಅವನು ಉಳಿಸಿಹೋದ ಚಿತ್ರಗಳಲ್ಲಿ ಗಣನೀಯ ಭಾಗವನ್ನು ತೈಪೆಯ ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ. ಆ ಸಂಗ್ರಹಾಲಯದ ತಿರುಳಾಗಿರುವುದು ಅವನ ಪೂರ್ವಜರಾದ ಚಿಂಗ್ ಚಕ್ರವರ್ತಿಗಳು ಬಿಡುವಿನ ಹೊತ್ತಿನಲ್ಲಿ ಬಿಡಿಸಿ ನೋಡಿ ಮುದ್ರೆಯೊತ್ತಿದ ಸುರುಳಿಗಳು. ಅವು ಅವನಿಗಿಂತ ಸ್ವಲ್ಪ ಮೊದಲು, 1948ರ ಕೊನೆ ಮತ್ತು 1949ರ ಆರಂಭದಲ್ಲಿ, ಅದೇ ಕಡಲನ್ನು ದಾಟಿ ಬಂದಿದ್ದವು.